ಕೈಮೀರಿದ ಕಾಳಜಿ

ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ನ್ಯಾಯಾಧೀಶನಿಗೆ ತನ್ನ ಬಲಗೈ ಕಣ್ಣಿಗೆ ಬಿತ್ತು. ಇಷ್ಟು ವರ್ಷ ಜೊತೆಗಿದ್ದ ಕೈಯೇ, ಹೊಸದೇನೂ ಅಲ್ಲ. ಆದರೆ ಕನ್ನಡಿಯಲ್ಲಿ ಅದು ಕುತ್ತಿಗೆಯ ಹತ್ತಿರ ಬ್ಲೇಡು ಹಿಡಿದು, ಯಾರ ಅಪ್ಪಣೆಗೂ ಕಾಯದೆ, ತನ್ನ ಪಾಡಿಗೆ ತಾನು ಮೇಲೆ ಕೆಳಗೆ ಓಡಾಡುತ್ತಿತ್ತು. ನಾನು ಹೇಳದೆಯೇ ಇದು ಇಷ್ಟೆಲ್ಲ ಮಾಡುತ್ತದಲ್ಲ ಎನ್ನಿಸಿ ಅವನಿಗೆ ಸಣ್ಣಗೆ ಭಯವಾಯಿತು. ತಿಂಡಿಗೆ ಕೂತಾಗಲೂ ಅಷ್ಟೆ. ಚಮಚ ಹಿಡಿದ ಬೆರಳುಗಳನ್ನೇ ನೋಡುತ್ತಿದ್ದವನನ್ನು ಕಂಡು ಹೆಂಡತಿ, "ಏನು, ಹಸ್ತರೇಖೆ ನೋಡ್ಕೊಳ್ತಾ ಇದೀರಾ? ಬಡ್ತಿ ಯಾವಾಗ ಅಂತ ಕಾಣುತ್ತಾ?" ಎಂದಳು. ಅವನು ನಕ್ಕ. ನಗಬೇಕಾದ ಕಡೆ ನಗುವುದು ದಾಂಪತ್ಯ ಅವನಿಗೆ ಕಲಿಸಿದ್ದ ವಿದ್ಯೆ. ಇವತ್ತು ಏನಿದೆ ಎಂದು ಅವಳು ಕೇಳಲಿಲ್ಲ. ಅವಳಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ನಾಲ್ಕು ವರ್ಷದ ಮಗಳನ್ನು ಹೊಡೆದು ಸಾಯಿಸಿದ ಒಬ್ಬ ಟೈಲ್ಸ್ ಕೆಲಸದವನನ್ನು ಅವನು ಮೊನ್ನೆ ಅಪರಾಧಿ ಎಂದು ತೀರ್ಮಾನಿಸಿದ್ದ. ಕೊಲ್ಲಬೇಕೆಂದು ಕೊಂದದ್ದಲ್ಲ, ಆದರೆ ಇಂಥ ಏಟಿಗೆ ಮಗು ಉಳಿಯಲಾರದು ಎಂಬುದು ತಿಳಿಯದಷ್ಟು ಮುಗ್ಧನೂ ಅಲ್ಲ ಎಂದು ಬರೆದಿದ್ದ. ಇನ್ನು ಉಳಿದದ್ದು ಒಂದೇ: ಎಷ್ಟು ವರ್ಷ. ಕಾನೂನು ಅದನ್ನು ಅವನ ಕೈಗೇ ಬಿಟ್ಟಿತ್ತು. ಜೀವಾವಧಿ ಕೊಡಬಹುದು, ಹತ್ತು ವರ್ಷ ಕೊಡಬಹುದು, ಮನಸ್ಸು ಮಾಡಿದರೆ ಐದಕ್ಕೂ ಮುಗಿಸಬಹುದು.

ಶಿಕ್ಷೆಯ ಪ್ರಮಾಣದ ಬಗ್ಗೆ ಎರಡೂ ಕಡೆಯವರ ಮಾತು ಕೇಳುವುದು ಕ್ರಮ. ಸರ್ಕಾರಿ ವಕೀಲೆ ಎದ್ದು ಜೀವಾವಧಿ ಕೇಳಿ, ಕೇಳಿದ್ದಕ್ಕೆ ಕಾರಣಗಳನ್ನು ಚುಟುಕಾಗಿ ಹೇಳಿ ಕೂತಳು. ಆಮೇಲೆ ಅಪರಾಧಿಯ ಪರ ವಕೀಲ ಎದ್ದ. ದೊಡ್ಡ ಮೈ, ಸಣ್ಣ ದನಿ. ಯಾರದೋ ಮನೆಗೆ ಊಟಕ್ಕೆ ಬಂದು ಇನ್ನೊಂದು ಸೌಟು ಸಾರು ಕೇಳುವವನ ಸಂಕೋಚ ಅವನ ಮಾತಿನಲ್ಲಿ. "ನಾನು ನನ್ನ ಮಾತು ಏನೂ ಹೇಳೋದಿಲ್ಲ ಸ್ವಾಮಿ. ತಮ್ಮ ಮಾತನ್ನೇ ತಮ್ಮ ಮುಂದೆ ಇಡ್ತೀನಿ" ಎಂದು ಒಂದು ಹಳೆಯ ತೀರ್ಪಿನ ಪ್ರತಿ ತೆಗೆದು, ಕನ್ನಡಕ ಏರಿಸಿ ಓದಿದ: "ತಂದೆಯ ಈ ಕೃತ್ಯದ ಬುಡದಲ್ಲಿರುವುದು ದ್ವೇಷವಲ್ಲ. ಅದು ಕೈಮೀರಿದ ಕಾಳಜಿ." ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆ ಮೌನ ಕೂಡ ವಾದದ ಭಾಗವೇ ಎಂದು ನ್ಯಾಯಾಧೀಶನಿಗೆ ಗೊತ್ತಿತ್ತು. ಗೊತ್ತಿದ್ದರೂ ಕಿವಿಯ ತುದಿ ಬಿಸಿಯಾಯಿತು. ಮಾತು ಅವನದೇ. ಬೇರೆ ಊರಿನ ಕೋರ್ಟಿನಲ್ಲಿದ್ದಾಗ, ಮಗನನ್ನು ಅಳತೆ ಕೋಲಿನಿಂದ ಬಡಿದು ಕೊಂದ ಒಬ್ಬ ದರ್ಜಿಗೆ ಐದು ವರ್ಷ ಕೊಡುತ್ತ ಬರೆದದ್ದು. ಎರಡು ಪದ, ಎರಡೂ ಕಕಾರ. ನಾಲಿಗೆಯ ಮೇಲೆ ನಿಲ್ಲುವಂಥ ಮಾತು ಎಂದು ಹಿರಿಯ ನ್ಯಾಯಮೂರ್ತಿಯೊಬ್ಬರು ಬೆನ್ನು ತಟ್ಟಿದ್ದರು. ಹೊಸಬರಿಗೆ ತರಬೇತಿ ಕೊಡುವ ಕಡೆ ಅದನ್ನು ಉದಾಹರಣೆಯಾಗಿ ಓದಿದರಂತೆ. ಆಮೇಲೆ ವಕೀಲರು ಹಿಡಿದುಕೊಂಡರು. ಮಲಮಗನ ಕೈಸುಟ್ಟವಳ ಪರವಾಗಿ, ಕೂಸನ್ನು ಕುಲುಕಿ ಕುಲುಕಿ ಕೊಂದವನ ಪರವಾಗಿ, ಎಲ್ಲಿ ನೋಡಿದರೂ ಅದೇ ಮಾತು. ಅವನೂ ಇನ್ನೆರಡು ತೀರ್ಪುಗಳಲ್ಲಿ ಅದನ್ನೇ ಬಳಸಿದ್ದ. ಈ ಕೋರ್ಟಿನ ಸ್ಟೆನೋ ಒಮ್ಮೆ, ನಿಮ್ಮ ಆ ಮಾತಿಗೆ ಶಾರ್ಟ್‌ಹ್ಯಾಂಡಲ್ಲಿ ನಾನು ಒಂದೇ ಗೀಟು ಇಟ್ಕೊಂಡಿದೀನಿ ಸಾರ್, ಎರಡು ಪದ ಬರೆಯೋಕೆ ಹೋಗೋದಿಲ್ಲ ಎಂದಿದ್ದಳು. ಅವನಿಗೆ ಆ ದಿನವೆಲ್ಲ ಹಿಗ್ಗು.

ಮಾತು ಅವನದು ಎನ್ನುವುದೂ ಪೂರ್ತಿ ನಿಜವಲ್ಲ. ಅದರ ಅರ್ಧ ಅಪ್ಪನದು. ಕೈ ಮೀರಿತು ಕಣೇ, ಎಂದು ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನಿಗೆ ಹೇಳಿದ್ದ, ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ. ಅಪ್ಪ ಶಾಲೆಯ ಹೆಡ್‌ಮಾಸ್ತರ. ಮಕ್ಕಳಿಬ್ಬರೂ ಅದೇ ಶಾಲೆ. ತಮ್ಮ ಆಗ ಎರಡನೆಯ ತರಗತಿ, ಯಾವಾಗಲೂ ಹಲ್ಲು ಕಿರಿಯುವ ಹುಡುಗ. ಪಾಠ ಒಪ್ಪಿಸು ಎಂದರೆ ಅಪ್ಪನ ದನಿಯಲ್ಲೇ ಕೆಮ್ಮಿ ಶುರುಮಾಡಿದ, ಇಡೀ ತರಗತಿ ಗೊಳ್ಳೆಂದಿತು. ಒಂದೇ ಏಟು. ತಮ್ಮ ಬೆಂಚಿನ ಕಾಲಿನ ಹತ್ತಿರ ಕೂತುಬಿಟ್ಟ, ಎಡಗಿವಿಯಿಂದ ನೀರಿನಂಥ ರಕ್ತ. ಅಪ್ಪ ಅವನನ್ನು ಎತ್ತಿಕೊಂಡು ರಸ್ತೆಯುದ್ದಕ್ಕೂ ಓಡಿದ, ಒಂದು ಚಪ್ಪಲಿ ಅಲ್ಲೇ ಬಿತ್ತು. ಹನ್ನೆರಡು ವರ್ಷದ ಇವನು ಆ ಚಪ್ಪಲಿ ಹಿಡಿದು ಹಿಂದೆ ಓಡಿದ. ಹೇಗಾಯ್ತು ಎಂದು ಡಾಕ್ಟರು ಕೇಳಿದಾಗ ಅಪ್ಪನ ಬಾಯಿಂದ ಮಾತು ಹೊರಡಲಿಲ್ಲ. ಅಪ್ಪ ಇವನ ಮುಖ ನೋಡಿದ. ಅಷ್ಟೇ, ನೋಡಿದ. ಇವನು, "ಉಯ್ಯಾಲೆಯಿಂದ ಬಿದ್ದ ಡಾಕ್ಟ್ರೇ" ಎಂದ. ಅಪ್ಪನ ಕೈ ಬಂದು ಇವನ ತಲೆಯ ಮೇಲೆ ಕೂತಿತು. ಆ ಕೈ ಹಾಗೆ ತಲೆಯ ಮೇಲೆ ಕೂತದ್ದು ಅದೇ ಮೊದಲು. ಅದರ ಬಿಸಿ ಎಷ್ಟು ಹಿತವಾಗಿತ್ತೆಂದರೆ, ಒಳಗೆ ಮಂಚದ ಮೇಲೆ ತಮ್ಮ ಅರಚುತ್ತಿದ್ದರೂ, ಈ ಕೈ ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದುಕೊಂಡಿದ್ದ. ತಮ್ಮ ಹುಟ್ಟಾ ಎಡಗಿವಿ ಕಿವುಡ ಎಂದು ಆಮೇಲೆ ಮನೆಯಲ್ಲಿ ರೂಢಿಯಾಯಿತು. ಉಯ್ಯಾಲೆಯ ಅಗತ್ಯವೂ ಉಳಿಯಲಿಲ್ಲ.

"ಸ್ವಾಮಿ?" ಎಂದ ವಕೀಲ. ಅವನ ವಾದ ಮುಗಿದಿತ್ತು. ನ್ಯಾಯಾಧೀಶ ಕಟಕಟೆಯ ಕಡೆ ತಿರುಗಿ, ನಿಯಮದ ಪ್ರಕಾರ ಕೇಳಬೇಕಾದದ್ದನ್ನು ಕೇಳಿದ: "ನಿನಗೆ ಎಷ್ಟು ಶಿಕ್ಷೆ ಕೊಡಬೇಕು ಅನ್ನೋದರ ಬಗ್ಗೆ ನೀನೇನಾದರೂ ಹೇಳೋದಿದೆಯಾ?" ಟೈಲ್ಸ್ ಕೆಲಸದವನು ಕಟಕಟೆಯ ಮರದ ಪಟ್ಟಿಯ ಸಂದನ್ನು ಉಗುರಿನಿಂದ ಸವರುತ್ತ ನಿಂತಿದ್ದ. ಸಂದು ನೇರವಿದೆಯೋ ಇಲ್ಲವೋ ಎಂದು ನೋಡುವುದು ಅವನ ಬೆರಳಿನ ಚಾಳಿ ಇರಬೇಕು. "ಹೊಡೀಬೇಕು ಅಂತ ಹೊಡೀಲಿಲ್ಲ ಸ್ವಾಮಿ. ಎಣಿಸೋಕೆ ಕಲಿಸ್ತಿದ್ದೆ. ನೆಲದ ಟೈಲ್ಸ್ ಮೇಲೆ ನಿಲ್ಲಿಸಿ, ಒಂದೊಂದಕ್ಕೆ ಒಂದೊಂದು ಹೇಳು ಅಂತ. ಏಳು ಹೇಳ್ತಾನೇ ಇರಲಿಲ್ಲ. ಆರು ಆದ ಮೇಲೆ ಎಂಟು ಅನ್ನೋಳು. ಎಷ್ಟು ಸಲ ಹೇಳಿದ್ರೂ ಅಷ್ಟೇ. ಶಾಲೆಗೆ ಹೋದ್ರೆ ನಗ್ತಾರಲ್ಲ ಅಂತ..." ಅಲ್ಲಿಗೆ ನಿಂತ. ವಕೀಲನ ಕಡೆ ನೋಡಿ, ಬಾಯಿಪಾಠ ಮರೆತವನ ಹಾಗೆ ತಡವರಿಸಿ, "ಕೈಮೀರಿದ ಕಾಳಜಿ ಸ್ವಾಮಿ" ಎಂದ. ಸಭೆಯಲ್ಲಿ ಯಾರೋ ಕೆಮ್ಮಿದರು.

ಏಳರ ವಿಷಯ ನ್ಯಾಯಾಧೀಶನಿಗೆ ಗೊತ್ತಿದ್ದದ್ದೇ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮುದುಕಿ, ಸತ್ತ ಮಗುವಿನ ತಾಯಿಯ ತಾಯಿ, ಸಾಕ್ಷಿಯಲ್ಲಿ ಹೇಳಿದ್ದಳು. ಮಗಳು ಹೆರಿಗೆಯಲ್ಲೇ ಹೋದ ಮೇಲೆ ಕೂಸನ್ನು ಮೂರೂವರೆ ವರ್ಷದ ತನಕ ಸಾಕಿದವಳು ಅವಳು. ಆಮೇಲೆ ಮಗುವಿನ ಅಪ್ಪ ಬಂದು, ಇನ್ನು ಓದು ಬರಹ ಕಲಿಯೋ ವಯಸ್ಸು, ನನ್ನ ಹತ್ತಿರ ಇರಲಿ ಎಂದು ಕರೆದುಕೊಂಡು ಹೋದ. "ಏಳು ಬರ್ತಿತ್ತು ಸ್ವಾಮಿ ಅದಕ್ಕೆ," ಎಂದಿದ್ದಳು ಮುದುಕಿ. "ಬೇಕಂತಲೇ ಬಿಡೋದು. ಒಂದಿನ ಹಾಗೆ ಬಿಟ್ಟಾಗ ನಾನು ನಕ್ಕಿದ್ದೆ. ಆಮೇಲೆ ದಿನಾ ಬಿಡೋದು, ನನ್ನ ಮುಖ ನೋಡೋದು. ನಗ್ತೀನಾ ಅಂತ. ಅವನ ಮುಂದೆನೂ ನಗಿಸೋಕೆ ನೋಡಿರಬೇಕು." ಇದನ್ನು ಸ್ಟೆನೋ ಬರೆದುಕೊಂಡಿದ್ದಳು, ಅವನು ಸಹಿ ಹಾಕಿದ್ದ, ಆ ದಿನದ ಕಲಾಪ ಮುಗಿದಿತ್ತು. ಮುಗಿದ ಮೇಲೆ ಅವನು ಕೋರ್ಟಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದ. ಅಳು ಬರುತ್ತದೆ ಎಂದುಕೊಂಡಿದ್ದ, ಬರಲಿಲ್ಲ. ಜವಾನ ಬಾಗಿಲು ತಟ್ಟಿ, ನೀರು ಟ್ಯಾಂಕಲ್ಲಿ ಕಡಿಮೆ ಇದೆ ಸಾರ್ ಎಂದ.

ತೀರ್ಪು ಮಧ್ಯಾಹ್ನ ಎಂದು ಹೇಳಿ ಎದ್ದ. ಊಟದ ಡಬ್ಬಿ ತೆರೆಯಲಿಲ್ಲ. ಕೊಠಡಿಯಲ್ಲಿ ಫ್ಯಾನು, ಮೇಜು, ಗೋಡೆಯ ಪಕ್ಕ ಕಟ್ಟು ಕಟ್ಟು ಕಡತ, ಎದುರಿನ ಕುರ್ಚಿಯಲ್ಲಿ ಸ್ಟೆನೋ. ನಿವೃತ್ತಿಗೆ ಹತ್ತಿರವಾದ, ಸೆರಗಿನ ಅಂಚಿನಲ್ಲಿ ಸದಾ ಒಂದು ಸೂಜಿ ಚುಚ್ಚಿಕೊಂಡಿರುವ ಹೆಂಗಸು. ಅವನು ಕಿಟಕಿಯ ಕಡೆ ಮುಖ ಮಾಡಿ ಹೇಳತೊಡಗಿದ. ಮನಸ್ಸಿನಲ್ಲಿ ಎಲ್ಲ ನಿಚ್ಚಳವಾಗಿತ್ತು. ಹತ್ತು ವರ್ಷ. ಜೊತೆಗೆ ಆ ಹಳೆಯ ಮಾತನ್ನು ತನ್ನ ಕೈಯಾರೆ ಮುರಿಯಬೇಕು. ತಾನು ಹುಟ್ಟಿಸಿದ್ದನ್ನು ತಾನೇ ಕೊನೆಗಾಣಿಸದಿದ್ದರೆ ಅದು ಇನ್ನೆಷ್ಟು ಕಟಕಟೆಗಳಲ್ಲಿ ಕೈಮುಗಿದು ನಿಲ್ಲುತ್ತದೋ. ಆ ದರ್ಜಿಯ ತೀರ್ಪು ಬರೆಯುವ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದಿದ್ದ. ಬೆಳಿಗ್ಗೆ ಇವನೇ ಗಂಜಿ ತಿನ್ನಿಸಿ ಕೋರ್ಟಿಗೆ ಹೋಗುತ್ತಿದ್ದ. ಹೊದಿಕೆಯ ಮೇಲೆ ಬಿದ್ದಿರುತ್ತಿದ್ದ ಅಪ್ಪನ ಬಲಗೈ ಒಣಗಿದ ಸೊಪ್ಪಿನಷ್ಟು ಹಗುರ. ಅದನ್ನು ಎತ್ತಿ ಪಕ್ಕಕ್ಕಿಡುವಾಗ, ಇಷ್ಟು ಸಣ್ಣ ಕೈಯಾ, ಎಂದು ಮನಸ್ಸು ಕಲಕಿಹೋಗುತ್ತಿತ್ತು. ಕಟಕಟೆಯಲ್ಲಿದ್ದದ್ದು ದರ್ಜಿ. ಇವನು ಕ್ಷಮಿಸಿದ್ದು ಅಪ್ಪನನ್ನು. ದರ್ಜಿಯ ಸತ್ತ ಮಗ ಇವರಿಬ್ಬರ ನಡುವೆ ಎಲ್ಲೂ ಬರಲೇ ಇಲ್ಲ. ಆ ತೀರ್ಪನ್ನು ಸಂಜೆ ಮನೆಯಲ್ಲಿ ಓದಿ ಹೇಳಿದಾಗ ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿ, "ಭಾಷೆ ಶುದ್ಧವಾಗಿದೆ" ಎಂದಿದ್ದ. ಮೇಷ್ಟರ ಬಾಯಿಂದ ಅಷ್ಟು ಬಂದರೆ ಮೊದಲ ದರ್ಜೆಯಲ್ಲಿ ಪಾಸಾದ ಹಾಗೆ.

"ಇದು ಕೈಮೀರಿದ ಕ್ರೌರ್ಯ" ಎಂದು ಹೇಳಬೇಕೆಂದು ಅವನು ಬೆಳಗಿನಿಂದ ಹೊಂಚಿಕೊಂಡಿದ್ದ. ಹಳೆಯ ಮಾತಿನ ಒಂದೇ ಪದ ಬದಲಾಗುತ್ತದೆ, ಕಕಾರಕ್ಕೆ ಕಕಾರ ಉಳಿಯುತ್ತದೆ, ಓದಿದವರಿಗೆ ಏಟು ಸರಿಯಾಗಿ ತಟ್ಟುತ್ತದೆ. ಮಗು ಸತ್ತ ವಿಷಯದಲ್ಲೂ ಕಕಾರ ಲೆಕ್ಕ ಹಾಕುತ್ತೀಯಲ್ಲೋ ಎಂದು ತನ್ನನ್ನೇ ಬೈದುಕೊಂಡರೂ, ಆ ವಾಕ್ಯ ಬಂದಾಗ ಗಂಟಲು ಸರಿಮಾಡಿಕೊಂಡು, ಬಿಡಿಸಿ ಬಿಡಿಸಿ ಹೇಳಿದ. ಸ್ಟೆನೋ ತಲೆಯೆತ್ತಿ ಅವನನ್ನು ನೋಡಿದಳು. ಅವಳಿಗೂ ತಟ್ಟಿತು ಎಂದು ಅವನಿಗೆ ಒಳಗೊಳಗೇ ಸಮಾಧಾನ. "ಹೂಂ, ಹಾಗೇ ಬರ್ಕೊಳ್ಳಿ" ಎಂದ. ಅವಳು ಬರೆದುಕೊಂಡಳು.

ಮಧ್ಯಾಹ್ನ ಸಭಾಂಗಣ ತುಂಬಿತ್ತು. ಬೆಚ್ಚಗಿನ ಹಾಳೆಗಳು ಮೇಜಿಗೆ ಬಂದಾಗ ಮತ್ತೊಮ್ಮೆ ಓದಿ ನೋಡುವಷ್ಟು ವ್ಯವಧಾನವಿರಲಿಲ್ಲ. ಸಹಿ ಹಾಕಿಯೇ ಪೀಠಕ್ಕೆ ಬಂದಿದ್ದ. ದನಿ ಚೆನ್ನಾಗಿ ಬರುತ್ತಿತ್ತು. ತಂದೆಯ ಮನೆ ಮಗುವಿಗೆ ಜಗತ್ತಿನಲ್ಲೇ ಹೆಚ್ಚು ಭದ್ರವಾದ ಜಾಗ ಆಗಬೇಕಿತ್ತು, ಎಂದು ಓದಿದ. ಓಡಿಹೋಗಲು ಕಾಲು ಬಲಿಯದವರ ಮೇಲೆ, ದೂರು ಹೇಳಲು ಮಾತು ಬಲಿಯದವರ ಮೇಲೆ ಬೀಳುವ ಏಟನ್ನು ಕಾನೂನು ಬೇರೆ ತಕ್ಕಡಿಯಲ್ಲೇ ತೂಗಬೇಕು, ಎಂದು ಓದಿದ. ಹಿಂದಿನ ಬೆಂಚಿನಲ್ಲಿ ಮುದುಕಿ ಬೆನ್ನು ನೆಟ್ಟಗೆ ಮಾಡಿ ಕೂತಳು. "ಶಿಸ್ತು ಎಂಬ ಹೆಸರಿನಲ್ಲಿ ನಡೆದ ಈ ಕೃತ್ಯದಲ್ಲಿ ನ್ಯಾಯಾಲಯ ಕಾಣುವುದು ಒಂದನ್ನೇ. ಇದು ಕೈಮೀರಿದ ಕಾಳಜಿ," ಎಂದು ಓದಿದ. ಓದಿಯಾದ ಮೇಲೆ ಕೇಳಿಸಿತು. ಹಾಳೆ ನೋಡಿದ. ಹಾಳೆಯಲ್ಲೂ ಅದೇ ಇತ್ತು, ಅಚ್ಚುಕಟ್ಟಾಗಿ, ಒಂದಕ್ಷರ ತಪ್ಪಿಲ್ಲದೆ. ಕಟಕಟೆಯಲ್ಲಿದ್ದವನು ಅಷ್ಟು ಹೊತ್ತಿನ ದೊಡ್ಡ ಮಾತುಗಳಲ್ಲಿ ತನಗೆ ಗೊತ್ತಿದ್ದ ಒಂದೇ ಮಾತು ಸಿಕ್ಕಿದ್ದಕ್ಕೆ ಮುಖ ಎತ್ತಿ, ಎರಡೂ ಕೈ ಜೋಡಿಸಿ, "ಅಷ್ಟೇ ಸ್ವಾಮಿ. ಆಗಿದ್ದು ಅಷ್ಟೇ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಆ ಕೃತಜ್ಞತೆ ನ್ಯಾಯಾಧೀಶನ ಮೈಗೆ ಅಂಟಿಕೊಂಡಿತು. ವಕೀಲ ತಲೆ ತಗ್ಗಿಸಿ ಏನನ್ನೋ ಗುರುತು ಮಾಡಿಕೊಂಡ. ಕಾರಣ ಒಂದು ಕಡೆ, ಶಿಕ್ಷೆ ಇನ್ನೊಂದು ಕಡೆ ಎಳೆಯುವ ತೀರ್ಪನ್ನು ಮೇಲಿನ ಕೋರ್ಟು ಎಷ್ಟು ಹೊತ್ತು ಉಳಿಸೀತು ಎಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಮುದುಕಿ ಎದ್ದು ನಿಂತಿದ್ದಳು. ದನಿ ಏರಿಸಲಿಲ್ಲ. ಅಂಗಡಿಯಲ್ಲಿ ತೂಕ ಕೇಳುವವಳ ಹಾಗೆ ಕೇಳಿದಳು: "ಸ್ವಾಮಿ, ಕಾಳಜಿ ಅಂದ್ರಲ್ಲ. ಯಾರ ಮೇಲೆ?" ಜವಾನ ಅವಳ ತೋಳು ಹಿಡಿದು, ಕೂತ್ಕೊಳ್ಳಜ್ಜಿ, ಸಾಹೇಬ್ರು ಓದ್ತಾ ಇದಾರೆ ಎಂದ. ಅವಳು ಕೂರಲಿಲ್ಲ. ಉತ್ತರ ಬರುತ್ತದೆ ಎಂದು ನಂಬಿ ನಿಂತಿದ್ದಳು. ಈಗ ಹೇಳಬಹುದಿತ್ತು. ತಪ್ಪಾಯಿತು ಅಜ್ಜಿ, ಅದು ಆ ಪದವಲ್ಲ ಎಂದು ಪೀಠದಲ್ಲಿ ಕೂತೇ ಹೇಳಬಹುದಿತ್ತು. ಪೀಠದಲ್ಲಿ ಕೂತವರು ಹಾಗೆ ಹೇಳಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಕಣ್ಣು ಕೆಳಗಿನ ಸಾಲಿಗೆ ಇಳಿಯಿತು, "ಹತ್ತು ವರ್ಷಗಳ ಕಠಿಣ ಸೆರೆವಾಸ" ಎಂದು ಬಾಯಿ ಓದಿತು. ಓದಿ ಮುಗಿಸಿ ತಲೆಯೆತ್ತಿದಾಗ ಮುದುಕಿ ಇದ್ದ ಜಾಗ ಖಾಲಿ. ಬಾಗಿಲು ಇನ್ನೂ ಅಲ್ಲಾಡುತ್ತಿತ್ತು.

ಕೊಠಡಿಗೆ ಬಂದು ಕೂತ ಮೇಲೂ ಅವನಿಗೆ ಸ್ಟೆನೋ ಮೇಲೆ ಕೋಪವಿತ್ತು, ಅಂಥಾ ಕೋಪ ಇಟ್ಟುಕೊಳ್ಳುವುದು ಸುಲಭವೂ ಆಗಿತ್ತು. ಗೀಟಂತೆ ಗೀಟು. ಒಂದೇ ಗೀಟಿಗೆ ಅಭ್ಯಾಸವಾದ ಕೈ, ಹೊಸ ಪದ ಕಿವಿಗೆ ಬಿದ್ದರೂ ಹಳೆಯದನ್ನೇ ಗೀಚಿದೆ. ಹೀಗೆ ಅವಳ ಕೈಯನ್ನು ಬೈಯುತ್ತಿದ್ದಾಗಲೇ ಅವಳು ತಲೆಯೆತ್ತಿ ನೋಡಿದ್ದು ನೆನಪಾಯಿತು. ಯಾಕೆ ನೋಡಿದಳು? ಹೊಸ ಪದ ಬಂದಿದ್ದರೆ, ಅಷ್ಟು ಹೊತ್ತು ಬರೆದುಕೊಂಡ ಖಾರದ ಮಾತುಗಳ ಬೆನ್ನಿಗೆ, ಅದು ಸಹಜವಾಗಿಯೇ ಇರುತ್ತಿತ್ತು, ನೋಡುವ ಕಾರಣವೇ ಇರಲಿಲ್ಲ. ಅವಳ ಆ ನೋಟವೇ ಪ್ರಶ್ನೆಯಾಗಿತ್ತು. ಇದೇನಾ ಸಾರ್, ಎಂದು. ಹೂಂ, ಹಾಗೇ ಬರ್ಕೊಳ್ಳಿ, ಎಂದವನು ಅವನೇ. ಫ್ಯಾನಿನ ಸದ್ದಿನ ಕೆಳಗೆ ತನ್ನದೇ ದನಿ, ಬಿಡಿಸಿ ಬಿಡಿಸಿ ಹೇಳಿದ್ದು, ಈಗ ಸ್ಪಷ್ಟವಾಗಿ ಕೇಳಿಸಿತು. ಕಾಳಜಿ ಎಂದೇ ಹೇಳಿದ್ದ. ಹೇಳಿ ಹೆಮ್ಮೆಪಟ್ಟಿದ್ದ.

ಅವಳೇ ಒಳಗೆ ಬಂದಳು, ಕೈಯಲ್ಲಿ ಆ ಹಾಳೆ. "ವಕೀಲರು ಪ್ರತಿ ಇವತ್ತೇ ಬೇಕು ಅಂತ ಕೂತಿದಾರೆ ಸಾರ್. ಕೊಡೋ ಮುಂಚೆ..." ಎಂದು ನಿಲ್ಲಿಸಿದಳು. ಓದಿ ಹೇಳಿದ ತೀರ್ಪನ್ನು ಬದಲಾಯಿಸುವ ಅಧಿಕಾರ ಓದಿದವನಿಗೂ ಇಲ್ಲ. ಕೈತಪ್ಪಿನಿಂದ ಬಿದ್ದ ಅಕ್ಷರವನ್ನು ಮಾತ್ರ ತಿದ್ದಬಹುದು. ಹಾಗೆ ತಿದ್ದಬೇಕಾದರೆ ತಪ್ಪಿದ ಕೈ ಯಾರದು ಎಂದು ಪಕ್ಕದಲ್ಲಿ ಬರೆಯಬೇಕು. ಇಬ್ಬರಿಗೂ ಅದು ಗೊತ್ತಿತ್ತು. "ಇಡಿ ಅಲ್ಲಿ" ಎಂದ. ಅವಳು ಇಟ್ಟು, ಹೋಗದೆ ಬಾಗಿಲ ಹತ್ತಿರ ನಿಂತಳು. ಅಷ್ಟರಲ್ಲಿ ಫೋನು ಬಂತು. ತಮ್ಮ. ಅಪ್ಪ ಹೋದ ಮೇಲೆ ದಿನವೂ ಕೋರ್ಟು ಮುಗಿಯುವ ಹೊತ್ತಿಗೆ ಅವನ ಫೋನು ಬರುತ್ತಿತ್ತು, ಹೇಳುವುದೇನೂ ಇರದಿದ್ದರೂ.

"ಟೀವಿಲಿ ಬಂತು ಕಣೋ, ಹತ್ತು ವರ್ಷ ಅಂತ," ಎಂದ ತಮ್ಮ, ಅರ್ಧ ಕಿವಿಯವರು ಮಾತಾಡುವ ದೊಡ್ಡ ದನಿಯಲ್ಲಿ. "ಒಳ್ಳೇದು ಮಾಡ್ದೆ." ಎಷ್ಟೋ ವರ್ಷದಿಂದ ಅವನ ಗಂಟಲಲ್ಲಿದ್ದದ್ದು ಯಾವ ಪೀಠಿಕೆಯೂ ಇಲ್ಲದೆ ಹೊರಬಿತ್ತು: "ನೀನು ಉಯ್ಯಾಲೆಯಿಂದ ಬಿದ್ದಿದ್ದಲ್ಲ. ಹುಟ್ಟಿನಿಂದ ಬಂದದ್ದೂ ಅಲ್ಲ. ಡಾಕ್ಟರ ಹತ್ತಿರ ನಾನು ಸುಳ್ಳು ಹೇಳ್ದೆ." ಆ ಕಡೆ ಸ್ವಲ್ಪ ಹೊತ್ತು ಟೀವಿಯ ಸದ್ದು ಮಾತ್ರ. ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಲು ಬಾಯಿ ತೆರೆದ. "ಗೊತ್ತಲ್ಲೋ," ಎಂದ ತಮ್ಮ, ನಗುತ್ತ. "ಕಿವಿ ನಂದಲ್ವಾ? ನೀನೇನೋ ಈಗ ಅದನ್ನೆಲ್ಲ ಕೆದಕ್ತೀಯ. ಪಾಪ, ಅಪ್ಪ ಚಪ್ಪಲಿನೂ ಇಲ್ಲದೆ ಹೊತ್ಕೊಂಡು ಓಡಿದ್ರು. ಎಷ್ಟು ದಿನ ಹತ್ತಿ ಸುತ್ತಿ ಸುತ್ತಿ ಕಿವಿ ಒರೆಸಿದ್ರು. ಅಷ್ಟು ಕಾಳಜಿ ಯಾರು ಮಾಡ್ತಾರೋ." ಆಮೇಲೆ ಇನ್ನೇನೋ ಹೇಳಿದ, ಮಗಳ ಪರೀಕ್ಷೆಯದೋ, ಮನೆ ಸೋರುವುದರದೋ. ಅವನಿಗೆ ಅದು ಕೇಳಿಸಲಿಲ್ಲ.

ಫೋನು ಇಟ್ಟು ಪೆನ್ನು ತೆಗೆದುಕೊಂಡ. ಬೆಳಿಗ್ಗೆಯಿಂದ ತಾನು ಕಣ್ಣಿಟ್ಟು ಕಾಯುತ್ತಿದ್ದ ಬಲಗೈ, ಸುಭಗನ ಹಾಗೆ ಮೇಜಿನ ಮೇಲೆ ಕೂತಿತ್ತು. ಅದು ಕಾಳಜಿ ಎಂಬುದರ ಮೇಲೆ ಒಂದು ಗೆರೆ ಎಳೆಯಿತು. ಮೇಲೆ ಕ್ರೌರ್ಯ ಎಂದು ಬರೆಯಿತು. ಒಂದು ಕ್ಷಣ ನಿಂತಿತು. ಪಕ್ಕದಲ್ಲಿ ಬರೆಯಬೇಕಾದ ಜಾಗ ಖಾಲಿಯಿತ್ತು. ಅಲ್ಲಿ, ಹೇಳಿದವನ ತಪ್ಪು ಎಂದು ಎರಡೇ ಪದ ಬರೆದರೆ ಸಾಕಿತ್ತು. ನಾಳೆ ಪತ್ರಿಕೆಗಳಲ್ಲಿ ಬರುತ್ತದೆ, ಬಡ್ತಿ ಹೋಗುತ್ತದೆ, ವಕೀಲರು ಪಡಸಾಲೆಯಲ್ಲಿ ನಗುತ್ತಾರೆ. ಅಷ್ಟೇ ತಾನೆ. ಅವನು ತಲೆಯೆತ್ತಿ ಸ್ಟೆನೋ ಮುಖ ನೋಡಿದ. ಏನೂ ಹೇಳಲಿಲ್ಲ, ನೋಡಿದ ಅಷ್ಟೆ. ಹೀಗೆ ನೋಡುವುದನ್ನು ತಾನು ಎಲ್ಲಿ ಕಂಡಿದ್ದೆ ಎಂದು ಹೊಳೆಯುವಷ್ಟರಲ್ಲಿ ಅವಳು ಮಾತಾಡಿಯಾಗಿತ್ತು.

"ನನ್ನ ತಪ್ಪೇ ಇರಬೇಕು ಸಾರ್," ಎಂದಳು, ಸೆರಗಿನ ಸೂಜಿಯನ್ನು ಮುಟ್ಟಿ ನೋಡಿಕೊಳ್ಳುತ್ತ. "ನೀವು ಸರಿಯಾಗೇ ಹೇಳಿರ್ತೀರಿ. ನನಗೇ ಈಚೆಗೆ ಕಿವಿ ಸರಿಯಾಗಿ ಕೇಳಿಸ್ತಿಲ್ಲ. ಡಾಕ್ಟರಿಗೆ ತೋರಿಸ್ಬೇಕು."

ಬೆರಳಚ್ಚಿನ ತಪ್ಪು, ಎಂದು ಬರೆದು ಅವನು ಸಹಿ ಹಾಕಿದ. ಹಾಳೆಯನ್ನು ಅವಳ ಕಡೆ ಚಾಚುತ್ತ, "ತೋರಿಸಿ" ಎಂದ.